ಶುದ್ಧ ನೀರಿನ ಬಾಟಲಿ

"ನಿನ್ನ ಕೈ ಗಲೀಜಾಗಿತ್ತು ಅಂತ ಬರೆದುಕೊಡು. ಅಷ್ಟೇ ಸಾಕು," ಎಂದ ಮೇಲ್ವಿಚಾರಕ ವೇಡ್.

ಅರ್ನೆಟಾ ನಿಂತೇ ಇದ್ದಳು. ಆ ಡಬ್ಬಿಯಂಥ ಆಫೀಸಿನಲ್ಲಿ ಕುರ್ಚಿ ಎರಡಿದ್ದವು. ಒಂದರಲ್ಲಿ ವೇಡ್, ಇನ್ನೊಂದರಲ್ಲಿ ಅವನ ಹೆಲ್ಮೆಟ್ಟು. ಅದನ್ನು ಎತ್ತಿ ಕೆಳಗಿಡೋಣ ಅಂತ ಅವನಿಗೆ ತೋಚಲಿಲ್ಲ. ಇವಳೂ ಕೇಳಲಿಲ್ಲ. ಬೆಳಗಿನಿಂದ ನೆಲಕ್ಕೆ ಮಂಡಿಯೂರಿ ಮಂಡಿ ಊದಿಕೊಂಡಿದ್ದವು. ಅವನಿಗೆ ಅವಳ ಮಗನ ವಯಸ್ಸು. ಆದರೂ ಬಾಯಿ ತೆಗೆದರೆ ಏಕವಚನ.

"ಗಲೀಜು ಅಂದ್ರೆ?"

"ಗಾಡಿಗೆ ಪೆಟ್ರೋಲ್ ಹಾಕ್ಸಿದ್ದೀಯ, ಅದೇ ಗ್ಲೌಸಲ್ಲಿ ಬಾಟ್ಲಿ ಮುಟ್ಟಿದ್ದೀಯ. ಶುದ್ಧ ನೀರಿನ ಬಾಟ್ಲೀಲಿ ಪೆಟ್ರೋಲಿನ ಬೆಂಜೀನ್ ಬಂದಿದೆ ಅಂತ ಲ್ಯಾಬಿನೋರು ಹೇಳ್ತಿದ್ದಾರೆ. ಅದು ಆಕಾಶದಿಂದ ಬೀಳುತ್ತಾ?"

ಅರ್ನೆಟಾ ತನ್ನ ಕೈ ನೋಡಿಕೊಂಡಳು. ದಿನವಿಡೀ ರಬ್ಬರ್ ಗ್ಲೌಸಿನೊಳಗೆ ಬೆವೆತು ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿದ್ದವು. ಒಂದೊಂದು ಸೀಸೆಗೂ ಗ್ಲೌಸು ಬದಲಾಯಿಸುವವಳು ಅವಳು. ಗಾಡಿಗೆ ಹಿಂದಿನ ದಿನವೇ ಪೆಟ್ರೋಲು ಹಾಕಿಸಿಡುವವಳು. ಅವನಿಗೆ ಅದೂ ಗೊತ್ತು.

ಕೆಲಸ ಹೀಗೆ. ಪೆಟ್ರೋಲಿನ ದೊಡ್ಡ ಟ್ಯಾಂಕುಗಳು ನಿಂತ ಆ ಅಂಗಳದ ಬೇಲಿಯುದ್ದಕ್ಕೂ ನೆಲಕ್ಕೆ ಸಣ್ಣ ಕೊಳವೆಗಳನ್ನು ಇಳಿಸಿದ್ದಾರೆ. ಮೂರು ತಿಂಗಳಿಗೊಮ್ಮೆ ಪ್ರತಿ ಕೊಳವೆಯಿಂದ ನೀರು ಎತ್ತಿ, ಗಾಜಿನ ಪುಟ್ಟ ಸೀಸೆಗೆ ಗುಳ್ಳೆ ಬಾರದಂತೆ ತುಂಬಿ, ಐಸಿನ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಕಳಿಸಬೇಕು. ಟ್ಯಾಂಕಿನಿಂದ ಸೋರಿದ ಪೆಟ್ರೋಲು ನೆಲದ ನೀರಿನಲ್ಲಿ ಎಲ್ಲಿಯವರೆಗೆ ಹೋಗಿದೆ ಅಂತ ಅದರಿಂದ ಗೊತ್ತಾಗುತ್ತದೆ. ಪರೀಕ್ಷೆ ಮಾಡುವ ಕಂಪನಿಗೆ ಸಂಬಳ ಕೊಡುವುದು ಟ್ಯಾಂಕಿನ ಕಂಪನಿಯೇ. ಚೆನ್ನಾಗಿದೆಯಲ್ಲ ವ್ಯವಸ್ಥೆ?

ಆ ಪೆಟ್ಟಿಗೆಯಲ್ಲಿ ಇನ್ನೊಂದು ಸೀಸೆಯೂ ಇರುತ್ತದೆ. ಕೊಳವೆಯಿಂದ ನೀರೆತ್ತುವ ಟ್ಯೂಬನ್ನು ತೊಳೆದು, ಅದರೊಳಗೆ ಅಂಗಡಿಯ ಶುದ್ಧ ನೀರು ಹಾಯಿಸಿ ತುಂಬಿದ ಸೀಸೆ. ಅದರಲ್ಲಿ ಏನೂ ಸಿಗಬಾರದು. ಸಿಕ್ಕರೆ ತುಂಬಿದವರ ಕೈಯೋ ಟ್ಯೂಬೋ ಕೊಳಕು ಅಂತ ಅರ್ಥ. ಆಗ ಪೆಟ್ಟಿಗೆಯಲ್ಲಿದ್ದ ಎಲ್ಲ ಸೀಸೆಗಳ ಫಲಿತಾಂಶವೂ ಕಸಕ್ಕೆ. ಈ ಸಲ ಪಕ್ಕದ ಚರ್ಚಿನ ಕಡೆಯ ಕೊಳವೆಗಳಲ್ಲಿ ಪೆಟ್ರೋಲು ಮೂಗಿಗೇ ಹೊಡೆಯುವಷ್ಟಿತ್ತು. ಅದೆಲ್ಲ ಲೆಕ್ಕಕ್ಕಿಲ್ಲ ಅಂತಾಯಿತು. ವೇಡ್ ಬೈಯುತ್ತಿದ್ದ ನಿಜ, ಆದರೆ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಹಲ್ಲುನೋವು ನಿಂತವನ ಹಾಗೆ ಹಗುರಾಗಿದ್ದ.

"ನನ್ನ ಕೈ ಚೊಕ್ಕಟವಾಗಿತ್ತು ಸಾರ್," ಎಂದಳು.

"ನಿಮ್ಮ ಕೇರಿಯೋರು ಎಲ್ಲದಕ್ಕೂ ಹೀಗೇ ಜಗಳಕ್ಕೆ ನಿಲ್ಲೋದು. ಕೆಲಸ ಹೋಗಲ್ಲ ಮಾರಾಯ್ತಿ. ಒಂದು ತರಬೇತಿ ಕೊಡಿಸ್ತೀವಿ, ಕೈ ತೊಳೆಯೋದು ಹೇಗೆ ಅಂತ. ನಾಳೆ ಬೆಳಿಗ್ಗೆ ಬಂದು ಸೈನ್ ಮಾಡು."

ಕೈ ತೊಳೆಯೋದು ಹೇಗೆ ಅಂತ! ಅರ್ನೆಟಾಳ ಕಿವಿ ಕಾದವು. ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಯಾಕೆಂದರೆ ಅವಳಿಗೆ ಆಗ ತಾನೇ ಒಂದು ಸಂಗತಿ ನೆನಪಾಗಿತ್ತು.

ಹೊರಗೆ ಬಂದು ಗಾಡಿಯಲ್ಲಿ ಕೂತಳು.

ಆ ಸೀಸೆ ತುಂಬಿದ ದಿನ ಟೆಕ್ಸಸ್ಸಿನ ಬಿಸಿಲು ತಲೆಯ ಮೇಲೆ ಕೂತಿತ್ತು. ಹಗ್ಗಕ್ಕೆ ಕಟ್ಟಿದ ಟ್ಯೂಬು ಇಳಿಸು, ಎಳೆ, ಬಕೆಟ್ಟಿಗೆ ಸುರಿ. ಮತ್ತೆ ಇಳಿಸು, ಎಳೆ, ಸುರಿ. ಕೊಳವೆಯ ಹಳೇ ನೀರು ಹೊರಗೆ ಹೋಗಿ ಹೊಸದು ಊರುವವರೆಗೆ ಎಳೆಯುತ್ತಲೇ ಇರಬೇಕು. ರಟ್ಟೆ ಬಿದ್ದುಹೋಗುತ್ತದೆ. ಉಚ್ಚೆ ಬಂದರೆ ಆಫೀಸಿನ ಬಾತ್‌ರೂಮಿಗೆ ಬೂಟಿನ ಮಣ್ಣು ತರಬಾರದು, ಅಂಗಳದ ಆಚೆ ತುದಿಯ ಡಬ್ಬಿ ಕಕ್ಕಸಿಗೆ ನಡೆಯಬೇಕು. ಅದಕ್ಕೇ ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು. ಸಂಜೆ ಕೊನೆಯ ಕೊಳವೆ ಮುಗಿಸಿ ನೋಡಿದರೆ ಗಾಡಿಯ ಹಿಂದೆ ಶುದ್ಧ ನೀರಿನ ಕ್ಯಾನುಗಳು ಒಂದಕ್ಕೊಂದು ತಾಗಿ ಒಡೆದು ಸೋರಿಹೋಗಿದ್ದವು. ಅಂಗಡಿ ಇರುವುದು ರೈಲು ಹಳಿಯ ಆಚೆ. ಹಳಿಯ ಮೇಲೆ ಗೂಡ್ಸು ಗಾಡಿ ಮಲಗಿತ್ತು. ಪೆಟ್ಟಿಗೆ ಒಯ್ಯುವವನು ಬರುವ ಹೊತ್ತು.

ಬೇಲಿಯ ಈಚೆ ಮೌಂಟ್ ಗಿಲಿಯಡ್ ಚರ್ಚು. ಅವಳ ಚರ್ಚು. ಅದರ ಪಕ್ಕದ ಗೋಡೆಗೆ ನಲ್ಲಿ.

ಅವಳು ಎರಡು ಸಲ ಯೋಚಿಸಲಿಲ್ಲ. ಯಾಕೆ ಯೋಚಿಸಬೇಕು? ಆ ಕೇರಿಯಲ್ಲಿ ಯಾರನ್ನು ಕೇಳಿದರೂ ಲೋಕದಲ್ಲಿ ಅದಕ್ಕಿಂತ ಶುದ್ಧ ನೀರಿಲ್ಲ. ಹಸುಗೂಸಿನ ಹಾಲಿಗೆ ಅದೇ. ಕಾಯಿಲೆ ಬಿದ್ದವರಿಗೆ ಅದೇ. ಅಂಗಡಿ ನೀರು ಅಂದರೆ ಮುಖ ಸಿಂಡರಿಸುತ್ತಾರೆ. ಟ್ಯೂಬನ್ನು ಉಜ್ಜಿ ತೊಳೆದಳು, ಹೊಸ ಗ್ಲೌಸು ಹಾಕಿಕೊಂಡಳು, ನಲ್ಲಿಯ ನೀರು ಹಾಯಿಸಿ ಸೀಸೆ ತುಂಬಿದಳು. ಬೇರೆ ಯಾವ ಊರಿನ ಕೆಲಸದವಳೂ ಆ ತಪ್ಪು ಮಾಡುತ್ತಿರಲಿಲ್ಲ.

ಕೈ ಗಲೀಜಲ್ಲ. ಟ್ಯೂಬು ಗಲೀಜಲ್ಲ. ಹಾಗಾದರೆ ಬೆಂಜೀನ್ ಇದ್ದದ್ದು ನಲ್ಲಿಯಲ್ಲಿ.

ಆ ನಲ್ಲಿಗೆ ನೀರು ಬರುವುದು ಚರ್ಚಿನ ಬಾವಿಯಿಂದ. ಆ ಬಾವಿಗೆ ಒಂದು ಕಥೆಯಿದೆ. ಊರಿನವರು ನೀರಿನ ಪೈಪು ಹಾಕಿಸಿದಾಗ ಅದು ರೈಲು ಹಳಿಯ ಆಚೆಗೇ ನಿಂತಿತು. ಈಚೆ ಕಪ್ಪು ಜನರ ಕೇರಿ. ಕೇಳಲು ಹೋದವರನ್ನು ಕಚೇರಿಯ ಮೆಟ್ಟಿಲ ಮೇಲಿಂದಲೇ ಅಟ್ಟಿದರು. ಕೊನೆಗೆ ಕೇರಿಯ ಗಂಡಸರು ಹಗಲು ಗಿರಣಿಯಲ್ಲಿ ದುಡಿದು ಬಂದು ಸಂಜೆ ಸಲಿಕೆ ಹಿಡಿದರು. ಅರ್ನೆಟಾಳ ಅಜ್ಜ ಒಳಗಿಳಿದು ಅಗೆದವನು. ಒಬ್ಬನ ಕಾಲು ಮುರಿಯಿತು. ನೀರು ಬಿದ್ದ ದಿನ ಹೆಂಗಸರು ಸೆರಗಿಲ್ಲದ ಊರಲ್ಲಿ ಏಪ್ರನ್ನಿನಿಂದ ಕಣ್ಣೊರೆಸಿಕೊಂಡರಂತೆ. ಆಮೇಲೆ ಎಷ್ಟೋ ಕಾಲಕ್ಕೆ ಊರಿನ ಪೈಪು ಈಚೆಗೂ ಬಂತು. ಕೇರಿಯವರು ಅದರಲ್ಲಿ ಬಟ್ಟೆ ಒಗೆದರು. ಕುಡಿಯುವುದಕ್ಕೆ ಚರ್ಚಿನದೇ. ನಿಮ್ಮ ನೀರು ನಿಮಗಿರಲಿ ಅನ್ನುವ ಹಟ. ಮೋಟರು, ನಲ್ಲಿ ಆಮೇಲೆ ಬಂದವು. ಬೇಲಿಯ ಆಚೆ ಟ್ಯಾಂಕುಗಳೂ ಬಂದವು.

ಮನೆಗೆ ಹೋದಾಗ ಅವ್ವ ಬಿಳೀ ಉಡುಪಿಗೆ ಇಸ್ತ್ರಿ ಹಾಕುತ್ತಿದ್ದಳು. ಅವ್ವನ ಹೆಸರು ಲುವೇನಿಯಾ, ಚರ್ಚಿನ ಹಿರಿಯ ತಾಯಿ. ಭಾನುವಾರ ಮುಂದಿನ ಬೆಂಚಿನಲ್ಲಿ ಬಿಳೀ ಟೋಪಿ ಹಾಕಿ ಕೂತಳೆಂದರೆ ಪಾಸ್ಟರ್ ಗೇನ್ಸ್ ಕೂಡ ಪ್ರಸಂಗ ಉದ್ದ ಮಾಡಲು ಹೆದರುತ್ತಾನೆ. ಈ ಭಾನುವಾರವಂತೂ ಅವಳದೇ. ಮಗ ಕ್ಲೀವನ್‌ನ ದೀಕ್ಷಾಸ್ನಾನ. ಐವತ್ತು ದಾಟಿದ ಕ್ಲೀವನ್ ಅರ್ಧ ಆಯುಷ್ಯ ಟ್ಯಾಂಕಿನೊಳಗಿಳಿದು ಕೆಸರು ಬಳಿದ, ಇನ್ನರ್ಧ ಕುಡಿದ. ಈಗ ಬಿಟ್ಟಿದ್ದಾನೆ. ಚರ್ಚಿನ ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿಯಿದೆ. ಬಾವಿಯ ನೀರು ತುಂಬಿಸಿ ಅದರಲ್ಲಿ ಮುಳುಗಿಸುತ್ತಾರೆ.

"ನನ್ನ ಪಾಪಕ್ಕೆ ಆ ತೊಟ್ಟಿ ಸಾಲಲ್ಲ ಅವ್ವ," ಎನ್ನುತ್ತಿದ್ದ ಕ್ಲೀವನ್. "ಸಮುದ್ರಕ್ಕೇ ತಳ್ಳಬೇಕು ನನ್ನ."

"ಬಾಯ್ಮುಚ್ಚೋ ಮೂದೇವಿ. ನೀನು ಮುಳುಗಿ ಎದ್ರೆ ನಾನು ಕಣ್ಮುಚ್ತೀನಿ ನೆಮ್ಮದಿಯಾಗಿ." ಅವ್ವ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಗಾಜಿನ ಜಾಡಿ ಎತ್ತಿದಳು. ಚರ್ಚಿನ ನೀರು. ದಿನಾ ಸಂಜೆ ತಂದಿಡುತ್ತಾರೆ.

ಅರ್ನೆಟಾ ಜಾಡಿಯನ್ನು ಕಿತ್ತುಕೊಂಡಳು. ನೀರು ಇಸ್ತ್ರಿ ಹಾಕಿದ ಬಟ್ಟೆಯ ಮೇಲೆ ಚೆಲ್ಲಿತು.

"ಏನೇ ಬಂತು ನಿನಗೆ? ಹುಚ್ಚು ಹಿಡೀತಾ?"

"ಕುಡೀಬೇಡ ಅವ್ವ. ಅದರಲ್ಲಿ ಪೆಟ್ರೋಲಿದೆ."

ಹೇಳಿಬಿಟ್ಟಳು. ಸೋರಿದ ಕ್ಯಾನು, ನಲ್ಲಿ, ಸೀಸೆ, ವೇಡ್ ಹೇಳಿದ್ದು, ಎಲ್ಲ. ಕ್ಲೀವನ್ ಜಾಡಿಯನ್ನು ಮೂಸಿ ನೋಡಿದ. "ಏನೂ ವಾಸನೆ ಇಲ್ವಲ್ಲೇ ಅಕ್ಕ."

"ಇಷ್ಟು ಕಡಿಮೆ ಇದ್ರೆ ಮೂಗಿಗೆ ಬರಲ್ಲ. ರಕ್ತಕ್ಕೆ ಹೋಗುತ್ತೆ."

ಅವ್ವ ಕೂತಲ್ಲಿಂದ ಏಳಲಿಲ್ಲ. ಅವಳ ಧ್ವನಿ ಮಾತ್ರ ಎದ್ದಿತು.

"ನಮ್ಮಪ್ಪ ತೋಡಿದ ಬಾವಿ ಅದು. ನಮ್ಮ ನೀರು ಗಲೀಜು, ನಮ್ಮ ಮನೆ ಗಲೀಜು, ನಮ್ಮ ಮೈ ಗಲೀಜು ಅಂತ ಹೇಳ್ಕೊಂಡೇ ಬಂದ್ರು ಅವರು. ಈಗ ಅದನ್ನ ಹೇಳೋಕೆ ನನ್ನ ಮಗಳೇ ಸಿಕ್ಕಿದ್ಲಾ ಅವರಿಗೆ?"

"ಅವರು ಹೇಳ್ತಿಲ್ಲ ಅವ್ವ. ಮುಚ್ಚಿಡ್ತಿದ್ದಾರೆ. ನನ್ನ ಕೈ ಗಲೀಜು ಅಂತ ಬರೆದುಕೊಡು ಅಂತಾರೆ."

"ಬರೆದುಕೊಡು."

ಅರ್ನೆಟಾ ಬೆಪ್ಪಾದಳು.

"ಬರೆದುಕೊಡೇ. ನನ್ನ ಕೈ ಗಲೀಜು ಅಂತ ಅನ್ನಿಸ್ಕೊಂಡೇ ಅವರ ಮನೇಲಿ ಅಡುಗೆ ಮಾಡಿದೆ. ಅವರ ಮಕ್ಕಳ ಕುಂಡೆ ತೊಳೆದೆ. ಅದೇ ಕೈಯಲ್ಲಿ ನಿಮ್ಮ ಮೂವರನ್ನೂ ಸಾಕಿದೆ. ಸತ್ತೋದ್ನಾ? ಒಂದು ಸೈನ್ ಹಾಕಿದ್ರೆ ಕೈ ಉದುರಿಹೋಗಲ್ಲ. ಆ ನೀರಿನ ಮಾತು ಇನ್ನೊಂದು ಸಲ ಈ ಮನೇಲಿ ಎತ್ತಬೇಡ."

ಅಷ್ಟು ಹೇಳಿ ಅವ್ವ ಜಾಡಿಗಾಗಿ ಕೈ ಚಾಚಿದಳು. ಅರ್ನೆಟಾ ಕೊಡಲಿಲ್ಲ. ಇಬ್ಬರೂ ಒಂದೊಂದು ಬದಿ ಹಿಡಿದು ಎಳೆದರು, ತಾಯಿ ಮಗಳು, ಮಕ್ಕಳ ಹಾಗೆ. ಕೊನೆಗೆ ಕ್ಲೀವನ್ ಅದನ್ನು ಬಿಡಿಸಿಕೊಂಡು ಸಿಂಕಿಗೆ ಸುರಿದ. ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂವರನ್ನೂ ಸಾಕಿದೆ ಅಂದಳಲ್ಲ. ಈಗ ಇರುವುದು ಇಬ್ಬರೇ. ಹಿರಿಯವಳು ಇಮೋಜೀನ್ ರಕ್ತದ ಕ್ಯಾನ್ಸರಿನಲ್ಲಿ ಹೋದಳು. ಟ್ಯಾಂಕಿನ ಹತ್ತಿರವೂ ಸುಳಿಯದವಳು. ಚರ್ಚಿನ ಅಡುಗೆಮನೆಯಲ್ಲಿ ಆ ಬಾವಿಯ ನೀರಿನಿಂದಲೇ ಐಸ್ ಟೀ ಮಾಡುತ್ತಿದ್ದವಳು. ಅರ್ನೆಟಾ ಆ ಹೆಸರನ್ನು ನಾಲಗೆಯ ತುದಿಯವರೆಗೆ ತಂದು ನುಂಗಿಕೊಂಡಿದ್ದಳು. ಹೆತ್ತವಳ ಮುಂದೆ ಹೇಗೆ ಹೇಳುವುದು?

ಮರುದಿನ ಬೆಳಿಗ್ಗೆ ವೇಡ್ ಕಾಫಿ ಕುಡಿಯುತ್ತಿದ್ದ. ಕಾಗದ ಸಿದ್ಧವಾಗಿತ್ತು. ಟೈಪು ಮಾಡಿಸಿಯೇ ಇಟ್ಟಿದ್ದ, ಅವಳು ಬರೆಯುವ ಕಷ್ಟವೂ ಬೇಡ ಅಂತ.

"ಆ ಸೀಸೇಲಿ ಇದ್ದಿದ್ದು ಅಂಗಡಿ ನೀರಲ್ಲ," ಎಂದಳು ಅರ್ನೆಟಾ. "ಕ್ಯಾನು ಒಡೆದುಹೋಗಿತ್ತು. ನಮ್ಮ ಚರ್ಚಿನ ನಲ್ಲಿಯಿಂದ ತುಂಬಿದೆ. ಅದು ನನ್ನ ತಪ್ಪು, ಒಪ್ಕೋತೀನಿ. ಆದ್ರೆ ಬೆಂಜೀನ್ ಆ ಬಾವೀದು. ಜನ ಕುಡಿಯೋ ಬಾವಿ."

ವೇಡ್ ಕಪ್ಪು ಕೆಳಗಿಟ್ಟ. ಎದ್ದು ಹೋಗಿ ಬಾಗಿಲು ಮುಚ್ಚಿದ. ಕುರ್ಚಿಯ ಮೇಲಿದ್ದ ಹೆಲ್ಮೆಟ್ಟು ತೆಗೆದ. "ಕೂತ್ಕೊ," ಎಂದ.

ಅವಳು ಕೂರಲಿಲ್ಲ.

"ನೋಡು ಅರ್ನೆಟಾ. ನೀನು ಇದನ್ನ ನನಗೆ ಹೇಳಿಲ್ಲ."

"ಈಗ ತಾನೇ ಹೇಳಿದೆನಲ್ಲ."

"ಹೇಳಿಲ್ಲ. ಹೇಳಿದ್ರೆ ನಾನು ಸರ್ಕಾರಕ್ಕೆ ಇವತ್ತೇ ತಿಳಿಸಬೇಕಾಗುತ್ತೆ. ಆಮೇಲೆ ಟಿವಿಯೋರು, ಲಾಯರುಗಳು, ಜಾತ್ರೆ. ನಿಮ್ಮ ಬಾವಿಗೆ ಬೀಗ ಬೀಳುತ್ತೆ. ನಾಳೆ ನಿನ್ನ ತಮ್ಮನ ದೀಕ್ಷಾಸ್ನಾನ ಅಲ್ವಾ? ಪಾಸ್ಟರ್ ಹೇಳಿದ್ರು. ನಾನೇ ಟ್ಯಾಂಕರ್ ಕಳಿಸ್ತೀನಿ, ಶುದ್ಧ ನೀರು, ಕಂಪನಿ ಕಡೆಯಿಂದ ಉಡುಗೊರೆ ಅಂತ. ಯಾರಿಗೂ ಏನೂ ತಿಳಿಯಲ್ಲ."

ಒಂದು ಗಳಿಗೆ ಅರ್ನೆಟಾಳ ಮನಸ್ಸು ಅಲುಗಿತು. ಸುಳ್ಳು ಯಾಕೆ? ಟ್ಯಾಂಕರ್ ಬರುತ್ತದೆ. ಅವ್ವ ಬಿಳೀ ಟೋಪಿ ಹಾಕಿಕೊಂಡು ನಗುತ್ತಾಳೆ. ತಮ್ಮ ಚೊಕ್ಕ ನೀರಿನಲ್ಲಿ ಮುಳುಗಿ ಏಳುತ್ತಾನೆ. ಕೆಲಸವೂ ಉಳಿಯುತ್ತದೆ.

"ನಾಳೆ ಆಯ್ತು. ನಾಡಿದ್ದು?"

"ನಾಡಿದ್ದಿಂದು ನಾಡಿದ್ದು ನೋಡೋಣ."

"ಕುಡಿಯೋರಿಗೆ ಯಾರು ಹೇಳ್ತಾರೆ?"

"ಸುಮ್ನೆ ಜನಾನ ಯಾಕೆ ಹೆದರಿಸಬೇಕು? ಇಷ್ಟು ದಿನ ಕುಡಿದಿಲ್ವಾ?"

ಇಷ್ಟು ದಿನ ಕುಡಿದಿಲ್ವಾ. ಅದೇ ಮಾತು ಸಾಕಾಯಿತು. ಅವಳ ಮೈಯಲ್ಲಿ ಇಷ್ಟು ವರ್ಷ ಬಗ್ಗಿ ಬಗ್ಗಿ ಕೂತಿದ್ದದ್ದೆಲ್ಲ ಒಂದೇ ಸಲ ಸೆಟೆದು ನಿಂತಿತು. ಕಾಗದ ತೆಗೆದುಕೊಂಡಳು. ವೇಡ್ ಪೆನ್ನು ಕೊಟ್ಟ. ಟೈಪು ಮಾಡಿದ್ದರ ಮೇಲೆ ಅಡ್ಡಗೆರೆ ಎಳೆದು ದೊಡ್ಡ ಅಕ್ಷರದಲ್ಲಿ ಬರೆದಳು: ನನ್ನ ಕೈ ಚೊಕ್ಕಟವಾಗಿತ್ತು. ಚರ್ಚಿನ ಬಾವಿಯಲ್ಲಿ ಪೆಟ್ರೋಲಿದೆ. ಕೆಳಗೆ ಪೂರ್ತಿ ಹೆಸರು, ಅರ್ನೆಟಾ ಟಾಲಿವರ್. ಫೋನು ತೆಗೆದು ಅದರ ಫೋಟೊ ಹೊಡೆದುಕೊಂಡಳು.

"ಈಗ ಹೇಳಿದೀನಿ ಕಣಯ್ಯ. ನೀನು ಕೇಳಿಸ್ಕೊಂಡಿಲ್ಲ ಅನ್ನೋ ಹಾಗಿಲ್ಲ. ನೀನು ಸರ್ಕಾರಕ್ಕೆ ತಿಳಿಸದಿದ್ರೆ ನಾನು ತಿಳಿಸ್ತೀನಿ."

ವೇಡ್‌ನ ಕುತ್ತಿಗೆ ಕೆಂಪಾಯಿತು. "ನಿನ್ನ ಕಾರ್ಡು ಇಲ್ಲಿಟ್ಟು ಹೋಗು," ಎಂದ. ಕುತ್ತಿಗೆಯಿಂದ ಗೇಟಿನ ಕಾರ್ಡು ತೆಗೆದು ಅವನ ಕಾಫಿಯ ಪಕ್ಕದಲ್ಲಿಟ್ಟು ಬಂದಳು. ಗಾಡಿಯೂ ಕಂಪನಿಯದೇ. ಅಂಗಳದಿಂದ ಮನೆಗೆ ನಡೆದೇ ಹೋದಳು.

ಸರ್ಕಾರದ ಕಚೇರಿಗೆ ಫೋನು ಮಾಡಿದರೆ, ಶನಿವಾರ ರಜೆ, ವಿಷಯ ಹೇಳಿ ಇಡಿ ಅಂತ ಯಂತ್ರ ಮಾತಾಡಿತು. ಹೇಳಿಟ್ಟಳು. ಪಾಸ್ಟರ್ ಗೇನ್ಸ್ ಮನೆಗೆ ಹೋದಳು. ಅವನು ಎಲ್ಲ ಕೇಳಿ, "ಸಿಸ್ಟರ್, ಒಂದು ಸೀಸೆ ನಂಬಿ ಊರನ್ನೆಲ್ಲ ಕಲಕಬೇಡ. ಭಾನುವಾರ ಕಳೀಲಿ, ಪ್ರಾರ್ಥನೆ ಮಾಡೋಣ," ಎಂದ. ಚರ್ಚಿನ ಹೊಸ ಚಾವಣಿ ಟ್ಯಾಂಕಿನ ಕಂಪನಿ ಹಾಕಿಸಿಕೊಟ್ಟದ್ದು. ಅದನ್ನು ಅವನೂ ಹೇಳಲಿಲ್ಲ, ಇವಳೂ ಹೇಳಲಿಲ್ಲ. ತೊಟ್ಟಿಗೆ ಪೈಪು ಬಿಟ್ಟಾಗಿತ್ತು.

ಭಾನುವಾರ ಹಿತ್ತಲು ತುಂಬಿತ್ತು. ಮೇಜುಗಳ ಮೇಲೆ ಕರಿದ ಮೀನು, ಹಸಿರು ಸೊಪ್ಪು, ಜೋಳದ ಬ್ರೆಡ್ಡು, ಐಸ್ ಟೀಯ ದೊಡ್ಡ ಕೊಳಗ. ಕ್ಲೀವನ್ ಬಿಳೀ ನಿಲುವಂಗಿಯಲ್ಲಿ ತೊಟ್ಟಿಯ ಮೆಟ್ಟಿಲ ಬಳಿ ನಿಂತಿದ್ದ. ಅಕ್ಕನ ಮುಖ ನೋಡುತ್ತ ಕಾಲು ಬದಲಾಯಿಸುತ್ತಿದ್ದ. ಅವ್ವ ಮುಂದಿನ ಕುರ್ಚಿಯಲ್ಲಿ. ಎರಡು ದಿನದಿಂದ ಮಗಳ ಜತೆ ಮಾತಿಲ್ಲ.

ನೀರಿಗಿಳಿಯುವ ಮುಂಚೆ ಯಾರಾದರೂ ಎದ್ದು ತಮ್ಮ ಅನುಭವದ ಸಾಕ್ಷಿ ಹೇಳುವುದು ಅಲ್ಲಿನ ಪದ್ಧತಿ. ಎದ್ದವರನ್ನು ಕೂರಿಸುವ ಹಾಗಿಲ್ಲ. ಅರ್ನೆಟಾ ಎದ್ದಳು.

"ನಾನು ಪ್ರಸಂಗ ಮಾಡೋಳಲ್ಲ. ನೀರು ತೆಗೆದು ಸೀಸೆಗೆ ತುಂಬೋಳು. ಈ ಬಾವೀಲಿ ಪೆಟ್ರೋಲಿದೆ. ಬೇಲಿ ಆಚೆಯಿಂದ ಬಂದಿದೆ. ಕಂಪನಿಗೆ ಗೊತ್ತು. ಮುಚ್ಚಿಡೋಕೆ ನನ್ನ ಕೈ ಗಲೀಜು ಅಂತ ಬರೆಸ್ಕೊಳ್ಳೋಕೆ ನೋಡಿದ್ರು. ನಾನು ಬರೆಯಲಿಲ್ಲ. ನಿನ್ನೆ ಕೆಲಸ ಕಳ್ಕೊಂಡೆ. ಇದನ್ನ ಕುಡೀಬೇಡಿ. ಮಕ್ಕಳಿಗೆ ಕುಡಿಸಬೇಡಿ."

ಒಮ್ಮೆಗೇ ಗಲಾಟೆ. "ಕೆಲಸ ಹೋದ ಸಿಟ್ಟಿಗೆ ಏನೋ ಹೇಳ್ತಾಳೆ," ಎಂದ ಒಬ್ಬ. "ಅಜ್ಜಂದಿರ ಬಾವಿಗೆ ಉಗೀತಾಳಲ್ಲ, ನಾಚಿಕೆ ಆಗಲ್ವಾ?" ಎಂದಳು ಟೀ ಹಂಚುತ್ತಿದ್ದವಳು. ಪಾಸ್ಟರ್ ಕೈಯೆತ್ತಿ, "ಸಿಸ್ಟರ್, ಇದಕ್ಕೆ ಇದು ಹೊತ್ತಲ್ಲ," ಎಂದ.

"ಮತ್ತೆ ಯಾವುದು ಹೊತ್ತು?"

ಕೇಳಿದವಳು ಲುವೇನಿಯಾ. ಎದ್ದು ನಿಂತಿದ್ದಳು. ಗದ್ದಲ ನಿಂತಿತು. ಅವಳು ಮಗಳಿಗೆ ಉಗಿಯುತ್ತಾಳೆ ಅಂತಲೇ ಎಲ್ಲರೂ ಕಾದರು. ಅರ್ನೆಟಾ ಕೂಡ ತಲೆ ತಗ್ಗಿಸಿದಳು.

"ನನ್ನ ಹಿರೀ ಮಗಳು ಹಾಸಿಗೆ ಹಿಡಿದಾಗ ಏನೂ ಒಳಗೆ ಹೋಗ್ತಿರಲಿಲ್ಲ," ಎಂದಳು ಅವ್ವ. ಧ್ವನಿ ಸಣ್ಣಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ಆಸ್ಪತ್ರೆ ನೀರು ಬೇಡ ಅಂತ ಇಲ್ಲಿಂದ ಜಾಡಿ ಒಯ್ತಿದ್ದೆ. ಚಮಚದಲ್ಲಿ ಹಾಕ್ತಿದ್ದೆ. ಕುಡಿಯಮ್ಮ, ತಾತನ ನೀರು, ವಾಸಿ ಆಗ್ತೀಯ ಅಂತಿದ್ದೆ. ನಾನೇ ಹಾಕಿದೆ. ನನ್ನ ಕೂಸಿನ ಬಾಯಿಗೆ ನಾನೇ ಹಾಕಿದೆ. ಮೊನ್ನೆ ಇವಳು ಹೇಳಿದಾಗಿಂದ ಕಣ್ಣು ಮುಚ್ಚಿಲ್ಲ ನಾನು. ಸುಳ್ಳಾಗಲಿ ದೇವರೇ ಅಂತ ಬೇಡ್ಕೊಂಡೆ. ಸುಳ್ಳಲ್ಲ. ನನ್ನ ಮಗಳು ಸುಳ್ಳು ಹೇಳಿ ಕೆಲಸ ಉಳಿಸ್ಕೋಬಹುದಿತ್ತು."

ಅರ್ನೆಟಾ ಬಾಯಿಗೆ ಅಂಗೈ ಒತ್ತಿಕೊಂಡು ಅತ್ತಳು. ಅವ್ವ ಅಳಲಿಲ್ಲ. ತೊಟ್ಟಿಯ ಬಳಿ ಹೋಗಿ ಬಗ್ಗಿ, ತಳದ ಬಿರಡೆಗೆ ಕಟ್ಟಿದ ಸರಪಳಿ ಹಿಡಿದಳು. ಬಿರಡೆ ಜಗ್ಗಲಿಲ್ಲ. ಕ್ಲೀವನ್ ಬಂದು ಜತೆಗೆ ಕೈ ಹಾಕಿದ. ಬಿರಡೆ ಕಿತ್ತು ಬಂತು. ನೀರು ಗಳಗಳ ಸದ್ದು ಮಾಡುತ್ತ ಇಳಿಯಿತು.

"ನನ್ನ ಗತಿ ಏನವ್ವ ಈಗ?" ಎಂದ ಕ್ಲೀವನ್, ಖಾಲಿ ತೊಟ್ಟಿ ನೋಡುತ್ತ.

"ಒಣಗಿದ ಪಾಪಿಯಾಗಿಯೇ ಇರು ಸ್ವಲ್ಪ ದಿನ. ನಡಿ."

ಅವಳು ಹಿತ್ತಲಿನಿಂದ ರಸ್ತೆಗೆ ನಡೆದಳು. ಅರ್ನೆಟಾ ಅವಳ ತೋಳು ಹಿಡಿದಳು. ಬಿಳೀ ಉಡುಪಿನ ಮುದುಕಿಯರು ಒಬ್ಬೊಬ್ಬರೇ ಕುರ್ಚಿಯಿಂದೆದ್ದು ಹಿಂದೆ ಬಂದರು. ಎಲ್ಲರೂ ಬರಲಿಲ್ಲ. ಪಾಸ್ಟರ್ ತೊಟ್ಟಿಯ ಬಳಿಯೇ ಬೈಬಲ್ಲು ಹಿಡಿದು ನಿಂತ. ಟೀ ಹಂಚುವವಳು ಹಂಚುತ್ತಲೇ ಇದ್ದಳು, ಕೆಲವರು ಕುಡಿಯುತ್ತಲೂ ಇದ್ದರು.

ಟ್ಯಾಂಕಿನಂಗಳದ ಗೇಟು ಮುಚ್ಚಿತ್ತು. ಕಾವಲಿನ ಹುಡುಗ ಮಾರ್ಕೆಲ್ ಗೂಡಿನಿಂದ ಓಡಿ ಬಂದ. ಅವನೂ ಕಪ್ಪು ಹುಡುಗನೇ, ಬೇರೆ ಊರಿನವನು. ಬಿಳೀ ಬಟ್ಟೆಯ ಮುದುಕಿಯರನ್ನೂ ನಿಲುವಂಗಿಯ ಕ್ಲೀವನ್‌ನನ್ನೂ ನೋಡಿ ತಬ್ಬಿಬ್ಬಾದ.

"ಅಮ್ಮಾ, ಇವತ್ತು ಭಾನುವಾರ. ಒಳಗೆ ಯಾರೂ ಇಲ್ಲ."

"ನಾಳೆ ಬರ್ತಾರಲ್ಲ?"

"ಬರ್ತಾರೆ, ಬೆಳಿಗ್ಗೆ."

"ಹಾಗಾದ್ರೆ ಕಾಯ್ತೀವಿ." ಲುವೇನಿಯಾ ಗೇಟಿಗೆ ಬೆನ್ನು ಕೊಟ್ಟು ಡಾಂಬರಿನ ಮೇಲೆ ಕೂತಳು. ಇಸ್ತ್ರಿ ಮಾಡಿದ ಬಿಳೀ ಉಡುಪಿಗೆ ಮಸಿ ಹತ್ತಿತು. ಉಳಿದವರೂ ಕೂತರು. ಲಾರಿಗಳು ಬರುವ ದಾರಿಗೆ ಅಡ್ಡಲಾಗಿ, ಆ ತುದಿಯಿಂದ ಈ ತುದಿಯವರೆಗೆ.

ಮಾರ್ಕೆಲ್ ತಲೆ ಕೆರೆದುಕೊಂಡ. ಬಿಸಿಲು ನೋಡಿದ. ಗೂಡಿಗೆ ಹೋಗಿ ತಾನು ಕುಡಿಯಲು ತಂದಿದ್ದ ಬಾಟಲಿ ಹಿಡಿದು ಬಂದು ಗೇಟಿನ ಸರಳಿನ ಸಂದಿಯಿಂದ ಚಾಚಿದ.

"ತಗೊಳ್ಳಿ ಅಮ್ಮ, ನೀರು. ಅಂಗಡೀದು, ಚೆನ್ನಾಗಿದೆ. ನಿಮಗೆ ಏನು ಬೇಕಾಗಿತ್ತು ಅಂತ ಹೇಳಿದ್ರೆ ಸಾಹೇಬರಿಗೆ ಫೋನ್ ಮಾಡ್ತೀನಿ."

"ಇದೇ ಬೇಕಾಗಿತ್ತು," ಎಂದಳು ಲುವೇನಿಯಾ. ಬಾಟಲಿಯನ್ನು ಮುಟ್ಟಲಿಲ್ಲ. "ಆದ್ರೆ ನನಗೊಬ್ಬಳಿಗಲ್ಲಪ್ಪ."

ಮಾರ್ಕೆಲ್ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು ಫೋನು ಎತ್ತಿದ.